ಲೇಡಿ ಚಾಟರ್ಲೀಸ್ ಲವರ್: ಗಂಡ ಹಾಕಿದ ಒಂದು ಷರತ್ತು

ಮಹಾಭಾರತದ ಆದಿಪರ್ವದಲ್ಲಿ, ತನ್ನಿಂದ ಮಕ್ಕಳಾಗುವುದು ಸಾಧ್ಯವಿಲ್ಲವೆಂದು ಅರಿತ ಪಾಂಡು, ಬೇರೊಬ್ಬರಿಂದ ಸಂತಾನ ಪಡೆಯುವಂತೆ ಕುಂತಿಯನ್ನು ಒಪ್ಪಿಸುತ್ತಾನೆ. ಆದರೆ ಆ ಬೇರೊಬ್ಬರು ತನಗೆ ಸಮಾನರೋ ತನಗಿಂತ ಶ್ರೇಷ್ಠರೋ ಆಗಿರಬೇಕೆಂಬ ಮಾತನ್ನೂ ಜೊತೆಗೇ ಸೇರಿಸುತ್ತಾನೆ. ಇಂಗ್ಲಿಷ್ ಲೇಖಕ ಡಿ. ಎಚ್. ಲಾರೆನ್ಸ್ 1928ರಲ್ಲಿ ಹೊರತಂದ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯನ್ನು ಈಚೆಗೆ ಎರಡನೆಯ ಸಲ ಓದುವಾಗ ನನಗೆ ಆ ಪ್ರಸಂಗ ಮತ್ತೆ ಮತ್ತೆ ನೆನಪಾಯಿತು. ಈ ಪುಸ್ತಕದ ಹೆಸರು ಹೇಳಿದೊಡನೆ ಜನ ಅದರಲ್ಲಿರುವ ಶೃಂಗಾರದ ಬಗ್ಗೆ ಮಾತಾಡುತ್ತಾರೆ, ನ್ಯಾಯಾಲಯದ ಬಗ್ಗೆ ಮಾತಾಡುತ್ತಾರೆ. ಗಂಡ ತನ್ನ ಹೆಂಡತಿಗೆ ಕೊಟ್ಟ ಅನುಮತಿಯ ಬಗ್ಗೆ ಮತ್ತು ಆ ಅನುಮತಿಯೊಳಗೆ ಅಡಗಿದ್ದ ಷರತ್ತಿನ ಬಗ್ಗೆ ಮಾತಾಡುವವರು ಕಡಿಮೆ. ನನ್ನ ಮಟ್ಟಿಗೆ ಇಡೀ ಕಾದಂಬರಿ ನಿಂತಿರುವುದು ಆ ಷರತ್ತಿನ ಮೇಲೆ.

ಕ್ಲಿಫರ್ಡ್ ಚಾಟರ್ಲಿ ಬ್ಯಾರನೆಟ್ (ತಂದೆಯಿಂದ ಮಗನಿಗೆ ಬರುವ ಇಂಗ್ಲಿಷ್ ಬಿರುದು) ಮನೆತನದವನು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು, ಸೊಂಟದಿಂದ ಕೆಳಗಿನ ಸ್ವಾಧೀನ ಕಳೆದುಕೊಂಡು, ರಾಗ್ಬಿ ಎಂಬ ತನ್ನ ಹಳೆಯ ಬಂಗಲೆಗೆ ಹಿಂತಿರುಗಿದ್ದಾನೆ. ಬಂಗಲೆಯ ಗೇಟು ದಾಟಿದರೆ ಟೆವರ್ಶಲ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿ, ಗಣಿಯೂ ಅವನದೇ. ಅವನ ಹೆಂಡತಿ ಕಾನಿ ಹೆಸರಾಂತ ಚಿತ್ರಕಾರನೊಬ್ಬನ ಮಗಳು, ಜರ್ಮನಿಯಲ್ಲಿ ಓದಿ ಬಂದವಳು, ಗಂಡನಷ್ಟು ಮೇಲಿನ ಮನೆತನದವಳಲ್ಲ. ಒಂದು ದಿನ ಕಾಡಿನಲ್ಲಿ ಅಡ್ಡಾಡುವಾಗ ಕ್ಲಿಫರ್ಡ್ ಅವಳಿಗೆ, ನಿನಗೆ ಬೇರೊಬ್ಬನಿಂದ ಮಗುವಾದರೂ ಅದನ್ನು ರಾಗ್ಬಿಯಲ್ಲೇ ಬೆಳೆಸಿದರೆ ನಮ್ಮದೇ ಆಗುತ್ತದೆ ಎಂದು ಹೇಳುತ್ತಾನೆ. ಯಾರ ಮಗುವಾದರೂ ಆದೀತೇ ಎಂದು ಅವಳು ಕೇಳಿದಾಗ, ತಕ್ಕವನಲ್ಲದವನು ನಿನ್ನನ್ನು ಮುಟ್ಟಲು ನೀನು ಬಿಡುವವಳಲ್ಲ, ಆ ನಂಬಿಕೆ ನನಗಿದೆ ಎನ್ನುತ್ತಾನೆ. ಮಾತು ಮುಗಿಯುವಷ್ಟರಲ್ಲಿ ಪಕ್ಕದ ಕಾಲುದಾರಿಯಿಂದ ಒಂದು ನಾಯಿ ಹೊರಬರುತ್ತದೆ, ಅದರ ಹಿಂದೆ ಬಂದೂಕು ಹಿಡಿದ ಕಾಡಿನ ಕಾವಲುಗಾರ ಮೆಲರ್ಸ್ ಬರುತ್ತಾನೆ. ಕ್ಲಿಫರ್ಡ್ ತನ್ನ ಕುರ್ಚಿಯನ್ನು ತಿರುಗಿಸಿ ಹೊರಡಿಸಿಕೊಡೆಂದು ಅವನಿಗೆ ಅಪ್ಪಣೆ ಮಾಡುತ್ತಾನೆ. ಲಾರೆನ್ಸ್ ಇಲ್ಲಿ ಒಂದು ಮಾತನ್ನೂ ಹೆಚ್ಚಿಗೆ ಬರೆಯುವುದಿಲ್ಲ. ಮೂವರನ್ನೂ ಒಂದೇ ದಾರಿಯಲ್ಲಿ ನಿಲ್ಲಿಸಿ ಸುಮ್ಮನಾಗುತ್ತಾನೆ.

ಮುಂದೆ ಕಾನಿ ಒಲಿಯುವುದು ಈ ಕಾವಲುಗಾರನಿಗೇ. ಆದ್ದರಿಂದ ಇದನ್ನು ದಾಂಪತ್ಯದ್ರೋಹದ ಕಥೆಯೆಂದಷ್ಟೇ ಓದಿದರೆ ಅರ್ಧ ಪುಸ್ತಕ ಕೈತಪ್ಪುತ್ತದೆ. ಕೊನೆಯ ಭಾಗದಲ್ಲಿ, ತನ್ನ ಪ್ರಿಯಕರ ತಮ್ಮ ಪರಿಚಯದ ಒಬ್ಬ ಕಲಾವಿದನೆಂದು ಕಾನಿ ಮೊದಲು ನಂಬಿಸಲು ನೋಡುತ್ತಾಳೆ. ಆ ಹೆಸರು ಕೇಳಿದಾಗ ಕ್ಲಿಫರ್ಡ್ ನೋಯುತ್ತಾನೆ, ಹಟ ಹಿಡಿಯುತ್ತಾನೆ, ಆದರೆ ಅವನ ಲೋಕ ಕುಸಿಯುವುದಿಲ್ಲ. ಅದು ಮೆಲರ್ಸ್ ಎಂದು ತಿಳಿದ ಕ್ಷಣದಲ್ಲಿ ಮಾತ್ರ ಅವನಿಗೆ ಅಸಹ್ಯ ಉಕ್ಕಿ ಬರುತ್ತದೆ. ಹೆಂಡತಿ ಬೇರೆಯವನ ತೋಳಿಗೆ ಹೋದದ್ದನ್ನು ಸಹಿಸಬಲ್ಲವನು, ಅವಳು ಸಂಬಳದ ಆಳಿನ ತೋಳಿಗೆ ಹೋದದ್ದನ್ನು ಸಹಿಸಲಾರ. ಕಾನಿಯ ಅಕ್ಕ ಹಿಲ್ಡಾ, ತಾನೇ ಗಂಡನಿಂದ ಬೇರೆಯಾಗುತ್ತಿರುವ, ವಿಚಾರವಂತಳೆಂದು ಹೆಸರಾದ ಹೆಂಗಸು, ತಂಗಿಯ ಸಂಬಂಧಕ್ಕೆ ಅಡ್ಡಿಪಡಿಸುವುದಿಲ್ಲ, ಸಂಬಂಧ ಯಾರೊಡನೆ ಎಂಬುದಕ್ಕೆ ಅಡ್ಡಿಪಡಿಸುತ್ತಾಳೆ. ನಮ್ಮ ಮನೆಗಳಲ್ಲಿ ‘ಪ್ರೀತಿಸಿದ್ದು ತಪ್ಪಲ್ಲ, ಆದರೆ ಅವನನ್ನೇ ಏಕೆ?’ ಎಂಬ ಮಾತನ್ನು ಕೇಳಿ ಬೆಳೆದವರಿಗೆ ಹಿಲ್ಡಾ ಹೊರಗಿನವಳೆಂದು ಅನ್ನಿಸುವುದಿಲ್ಲ.

ಹದಿಮೂರನೆಯ ಅಧ್ಯಾಯದ ಗಾಲಿಕುರ್ಚಿಯ ಪ್ರಸಂಗ ಈ ಮೂವರ ಸಂಬಂಧವನ್ನು ಒಂದೇ ಚಿತ್ರದಲ್ಲಿ ಹಿಡಿದಿಡುತ್ತದೆ. ಇಡೀ ಕಾದಂಬರಿಯಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ ಪುಟಗಳು ಇವೇ. ಮೋಟಾರು ಜೋಡಿಸಿದ ಕುರ್ಚಿಯಲ್ಲಿ ಕುಳಿತು ಕ್ಲಿಫರ್ಡ್ ಕಾಡಿನ ಹೂಗಳನ್ನು ಚಕ್ರದಡಿ ಅರೆಯುತ್ತ ಸಾಗುತ್ತಾನೆ. ಆಳುವ ವರ್ಗ ಬೇಕೇ ಬೇಕು, ಜನಸಾಮಾನ್ಯರು ಆಳಿಸಿಕೊಳ್ಳಲೆಂದೇ ಇರುವವರು ಎಂದು ಹೆಂಡತಿಗೆ ಉಪದೇಶಿಸಿಯೂ ಆಗಿದೆ. ಹಿಂತಿರುಗುವಾಗ ಏರಿನಲ್ಲಿ ಕುರ್ಚಿ ನಿಂತುಬಿಡುತ್ತದೆ. ಮೆಲರ್ಸ್ ನೆಲದ ಮೇಲೆ ಬೋರಲು ಮಲಗಿ ಯಂತ್ರ ನೋಡುತ್ತಾನೆ. ತಳ್ಳುತ್ತೇನೆಂದರೆ ಯಜಮಾನ ಒಪ್ಪುವುದಿಲ್ಲ, ಯಂತ್ರ ತಾನಾಗಿಯೇ ಏರಬೇಕೆಂಬ ಹಟ. ಕೊನೆಗೆ ಕುರ್ಚಿ ಹಿಂದಕ್ಕೆ ಜಾರಿದಾಗ, ಹಿಂದೊಮ್ಮೆ ನ್ಯುಮೋನಿಯಾದಿಂದ ನರಳಿ ಬಲಗುಂದಿದ್ದ ಆ ಮನುಷ್ಯ ಅದನ್ನು ಎತ್ತಿ ಹಿಡಿದು ಮುಖ ಬಿಳಿಚಿಕೊಂಡು ಕೂರುತ್ತಾನೆ. ಆಮೇಲೆ ಅವನೂ ಕಾನಿಯೂ ಪಕ್ಕಪಕ್ಕದಲ್ಲಿ ನಿಂತು ಕುರ್ಚಿಯನ್ನು ಮೇಲಕ್ಕೆ ತಳ್ಳುತ್ತಾರೆ. ತಳ್ಳುತ್ತಲೇ ಅವನು ಅವಳ ಮಣಿಕಟ್ಟಿನ ಮೇಲೆ ಕೈಯಿಡುತ್ತಾನೆ, ಅವಳು ಬಾಗಿ ಆ ಕೈಗೆ ಮುತ್ತಿಡುತ್ತಾಳೆ, ಮತ್ತು ಅವರಿಬ್ಬರ ಮುಂದೆಯೇ ಕ್ಲಿಫರ್ಡನ ನುಣುಪಾದ ಕತ್ತು ಅಲುಗದೆ ಇರುತ್ತದೆ. ಮನೆಗೆ ಬಂದ ಮೇಲೆ ಕಾನಿ ಜಗಳ ತೆಗೆದಾಗ ಕ್ಲಿಫರ್ಡ್ ಕೊಡುವ ಉತ್ತರ ಒಂದು ಲೆಕ್ಕ: ಅವನಿಗೆ ವಾರಕ್ಕೆ 2 ಪೌಂಡ್ ಸಂಬಳವನ್ನೂ ಇರಲು ಮನೆಯನ್ನೂ ಕೊಟ್ಟಿದ್ದೇನಲ್ಲ! ಇಬ್ಬರ ನಡುವಿನ ದಾಂಪತ್ಯ ಮುಗಿಯುವುದು ಕಾವಲುಗಾರನ ಗುಡಿಸಲಿನಲ್ಲಲ್ಲ, ಈ ಲೆಕ್ಕದಲ್ಲಿ ಎಂದು ನನಗನ್ನಿಸುತ್ತದೆ.

ಕನ್ನಡದ ಓದುಗರಿಗೆ ಈ ಕಾದಂಬರಿಯಲ್ಲಿ ಇನ್ನೊಂದು ಬಾಗಿಲು ತೆರೆದಿದೆ, ಅದು ಭಾಷೆಯದು. ಮೆಲರ್ಸ್ ಗಣಿ ಕಾರ್ಮಿಕನ ಮಗ. ವಿದ್ಯಾರ್ಥಿವೇತನ ಪಡೆದು ಓದಿ, ಕಮ್ಮಾರಿಕೆ ಮಾಡಿ, ಸೈನ್ಯ ಸೇರಿ, ಭಾರತದಲ್ಲೂ ಇದ್ದು, ಅಧಿಕಾರಿಯಾಗಿ ಹಿಂತಿರುಗಿದವನು. ಅವನಿಗೆ ಬಂಗಲೆಯ ಇಂಗ್ಲಿಷೂ ಬರುತ್ತದೆ, ಡರ್ಬಿಷೈರಿನ ಊರಮಾತೂ ಬರುತ್ತದೆ. ಯಾರೊಡನೆ ಯಾವಾಗ ಯಾವುದನ್ನು ಆಡಬೇಕೆಂಬುದನ್ನು ಅವನು ಆರಿಸಿಕೊಳ್ಳುತ್ತಾನೆ. ಊರು ಬಿಟ್ಟು ಬಂದು ಕಚೇರಿಯಲ್ಲಿ ಒಂದು ಕನ್ನಡ, ಹಬ್ಬಕ್ಕೆ ಊರಿಗೆ ಹೋದಾಗ ಅವ್ವನೊಡನೆ ಇನ್ನೊಂದು ಕನ್ನಡ ಆಡುವ ನಮ್ಮಂಥ ಸಾವಿರಾರು ಜನರಿಗೆ ಇದು ಹೊಸ ಅನುಭವವಲ್ಲ. ಆದರೆ ಇದಕ್ಕಿಂತ ಸೂಕ್ಷ್ಮವಾದ ಒಂದು ಸಂಗತಿಯಿದೆ. ಶಿಷ್ಟ ಇಂಗ್ಲಿಷ್ ತನ್ನ ‘ನೀನು’ವನ್ನು ಎಂದೋ ಕಳೆದುಕೊಂಡಿತು, ಅಲ್ಲಿ ಎಲ್ಲರೂ ‘ಯೂ’. ಡರ್ಬಿಯ ಊರಮಾತಿನಲ್ಲಾದರೋ ಆ ಹಳೆಯ ಏಕವಚನ ‘ಥೀ’, ‘ಥಾ’ ಎಂಬ ರೂಪದಲ್ಲಿ ಉಳಿದುಕೊಂಡಿತ್ತು. ಮೊದಮೊದಲು ಕಾನಿಯನ್ನು ಗೌರವದ ದೂರದಲ್ಲಿಟ್ಟು ‘ಒಡತಿ’ಯೆಂದೇ ಮಾತಾಡಿಸುವ ಕಾವಲುಗಾರ, ಮುಂದೆ ಅವಳನ್ನು ಆ ಏಕವಚನದಲ್ಲಿ ಕರೆಯುತ್ತಾನೆ. ‘ಅಮ್ಮಾವ್ರೇ’ ಎನ್ನುತ್ತಿದ್ದವನು ‘ನೀನು’ ಎಂದ ಹಾಗೆ. ಹೊಲದ ಆಳು ಯಜಮಾನನ ಹೆಂಡತಿಯನ್ನು ‘ನೀನು’ ಎಂದರೆ ಏನೇನಾಗಬಹುದೆಂಬುದು ನಮಗೆ ಗೊತ್ತು. ಆ ಬೆಚ್ಚಿಬೀಳುವ ಅನುಭವ ಇಂದಿನ ಇಂಗ್ಲಿಷ್ ಓದುಗನಿಗಿಂತ ಕನ್ನಡದ ಓದುಗನಿಗೇ ಹೆಚ್ಚು ಹತ್ತಿರದ್ದು. ಹಿಲ್ಡಾಳ ಎದುರು ಅವನು ಬೇಕೆಂದೇ ಊರಮಾತನ್ನು ಹಿಡಿಯುತ್ತಾನೆ. ಯಾಕೆ ಯಾರ್ಕ್‌ಷೈರಿನ ಮಾತಾಡುತ್ತೀರೆಂದು ಅವಳು ಕೇಳಿದರೆ, ಇದು ಯಾರ್ಕ್‌ಷೈರ್ ಅಲ್ಲ, ಡರ್ಬಿಯದು ಎಂದು ತಿದ್ದುತ್ತಾನೆ. ಕಾನಿಗೆ ಪ್ರೀತಿಯಾಗಿ ಕೇಳುವ ಅದೇ ಮಾತು ಅವಳ ಅಕ್ಕನಿಗೆ ಬಾಗಿಲು ಮುಚ್ಚಿದ ಸದ್ದಿನಂತೆ ಕೇಳುತ್ತದೆ.

ಈ ಮೂವರ ಬದಿಯಲ್ಲಿ ನಿಂತಿರುವ ನಾಲ್ಕನೆಯವಳು, ಕ್ಲಿಫರ್ಡನ ಆರೈಕೆಗೆ ಬರುವ ದಾದಿ ಮಿಸೆಸ್ ಬೋಲ್ಟನ್, ನನ್ನ ದೃಷ್ಟಿಯಲ್ಲಿ ಪುಸ್ತಕದ ಅತ್ಯಂತ ಜೀವಂತ ಪಾತ್ರ. ಅವಳ ಗಂಡ ಟೆಡ್ 28ರ ಪ್ರಾಯದಲ್ಲಿ ಚಾಟರ್ಲಿಯವರದೇ ಗಣಿಯ ಸ್ಫೋಟದಲ್ಲಿ ಸತ್ತವನು. ಮಲಗಿ ಎಂದ ಮಾತನ್ನು ಕೇಳದೆ ಹೆದರಿ ಓಡಿದ, ತಪ್ಪು ಅವನದೇ ಎಂದು ಮಾಲೀಕರ ಕಡೆಯವರು ವಾದಿಸಿದರು; ಪರಿಹಾರ 300 ಪೌಂಡಿಗೆ ಇಳಿಯಿತು. ಅದನ್ನೂ ಒಟ್ಟಿಗೆ ಕೊಡಲಿಲ್ಲ. ಚಿಕ್ಕ ಅಂಗಡಿ ಇಡುವ ಆಸೆ ಅವಳಿಗಿತ್ತು, ಆದರೆ ಹಣ ಕೈಗೆ ಬಂದರೆ ಹಾಳುಮಾಡಿಯಾಳೆಂದು ಹೇಳಿ ವಾರಕ್ಕೆ 30 ಶಿಲಿಂಗಿನಂತೆ (ಆಗ 20 ಶಿಲಿಂಗಿಗೆ ಒಂದು ಪೌಂಡ್) ಕೊಟ್ಟರು. ಎರಡು ಮಕ್ಕಳ ಆ ವಿಧವೆ ಸುಮಾರು ನಾಲ್ಕು ವರ್ಷ ಪ್ರತಿ ಸೋಮವಾರ ಕಚೇರಿಯ ಮುಂದೆ ಸರದಿಯಲ್ಲಿ ನಿಂತಳು. ಅಂಥವಳು ಈಗ ಅದೇ ಮನೆತನದ ಯಜಮಾನನಿಗೆ ಗಡ್ಡ ಹೆರೆಯುತ್ತಾಳೆ, ಅವನೊಡನೆ ಇಸ್ಪೀಟು ಆಡುತ್ತಾಳೆ, ಅವನನ್ನು ದ್ವೇಷಿಸುತ್ತಾಳೆ, ಅವನಿಗೆ ಮರುಳಾಗಿಯೂ ಇರುತ್ತಾಳೆ. ಕಾನಿ ಮೇಲಿನಿಂದ ಕೆಳಕ್ಕೆ ದಾಟಿದರೆ, ಇವಳು ಕೆಳಗಿನಿಂದ ಮೇಲಕ್ಕೆ, ಪ್ರೀತಿಯೆನ್ನಲಾಗದ ಯಾವುದೋ ನಂಟಿನ ಮೂಲಕ ದಾಟುತ್ತಾಳೆ. ಲಾರೆನ್ಸ್ ಸ್ವತಃ ನಾಟಿಂಗ್‌ಹ್ಯಾಮ್‌ಷೈರಿನ ಈಸ್ಟ್‌ವುಡ್ ಎಂಬ ಗಣಿ ಊರಿನಲ್ಲಿ ಗಣಿ ಕಾರ್ಮಿಕನ ಮಗನಾಗಿ 1885ರಲ್ಲಿ ಹುಟ್ಟಿದವನು. ಗಣಿ ಕಾರ್ಮಿಕರ ಮುಷ್ಕರ ನಡೆದ 1926ರಲ್ಲಿ ಆ ಕಡೆಗೆ ಹೋಗಿ ಬಂದ ಮೇಲೆ, ಫ್ಲಾರೆನ್ಸಿನ ಹತ್ತಿರ ಕುಳಿತು ಇದನ್ನು ಬರೆಯಲು ಆರಂಭಿಸಿದ. ಸೋಮವಾರದ ಆ ಸರದಿಯನ್ನು ಹೊರಗಿನವನು ಕಲ್ಪಿಸಿ ಬರೆಯುವುದು ಕಷ್ಟ.

ಮೆಚ್ಚುಗೆಯ ನಡುವೆ ಹೇಳಲೇಬೇಕಾದ ಕೊರತೆಗಳೂ ಇವೆ. ಲಾರೆನ್ಸ್ ಈ ಕಾದಂಬರಿಯನ್ನು ಮೂರು ಸಲ ಬರೆದ. ಮೊದಲ ರೂಪದಲ್ಲಿ ಕಾವಲುಗಾರನ ಹೆಸರು ಪಾರ್ಕಿನ್. ಅವನು ಅಧಿಕಾರಿಯಲ್ಲ, ಪುಸ್ತಕದ ಮನುಷ್ಯನಲ್ಲ, ಕೊನೆಗೆ ಷೆಫೀಲ್ಡಿನ ಉಕ್ಕಿನ ಕಾರ್ಖಾನೆ ಸೇರಿ ಕಮ್ಯುನಿಸ್ಟನಾಗುವ ಕೂಲಿಗಾರ. ಕೊನೆಯ ರೂಪಕ್ಕೆ ಬರುವಾಗ ಅವನು ಓದಿದವನೂ ಮಾಜಿ ಸೇನಾಧಿಕಾರಿಯೂ ಆಗಿಬಿಟ್ಟಿದ್ದಾನೆ. ಇದರಿಂದ ಎರಡು ಭಾಷೆಯ ಆಟ ಸಿಕ್ಕಿತು ನಿಜ, ಆದರೆ ಕಂದಕ ಅಷ್ಟರಮಟ್ಟಿಗೆ ತುಂಬಿಹೋಯಿತು; ಕಾನಿ ದಾಟಬೇಕಾದ ದೂರ ಕಡಿಮೆಯಾಯಿತು. ಮೆಲರ್ಸನ ಉಪದೇಶಗಳು ಕೆಲವೆಡೆ ಕಾದಂಬರಿಯನ್ನು ನಿಲ್ಲಿಸಿ ಭಾಷಣಕ್ಕೆ ಕೂರಿಸುತ್ತವೆ, ಹೆಂಗಸರ ಬಗ್ಗೆ ಅವನಾಡುವ ಕೆಲವು ಮಾತುಗಳು ಕಹಿಯಾಗಿವೆ. ಅವನ ಹೆಂಡತಿ ಬರ್ತಾ ನಮಗೆ ಸಿಗುವುದು ಅವನ ದೂರುಗಳಲ್ಲಿ ಮತ್ತು ಊರಿನ ಗಾಳಿಮಾತಿನಲ್ಲಿ ಮಾತ್ರ. ಅವಳದೂ ಒಂದು ಕಥೆ ಇದ್ದಿರಬೇಕು, ಅದನ್ನು ಕೇಳುವ ವ್ಯವಧಾನ ಲೇಖಕನಿಗಿಲ್ಲ. ಕ್ಲಿಫರ್ಡನ ದೇಹದ ಸ್ಥಿತಿಯನ್ನು ಅವನ ವರ್ಗದ ಭಾವಶೂನ್ಯತೆಯ ಸಂಕೇತವಾಗಿ ಬಳಸಿರುವುದಂತೂ ನನಗೆ ಒಪ್ಪಿಗೆಯಾಗಲಿಲ್ಲ. ಯುದ್ಧದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡವನ ಹೃದಯವೂ ಸತ್ತಿದೆ ಎಂದು ಸೂಚಿಸುವುದು ಅನ್ಯಾಯ. ಕಾನಿ ವೆನಿಸ್ಸಿಗೆ ಹೋಗಿರುವ ಭಾಗ ತೆಳು. ಬೇಗ ಓದಿ ದಾಟಬಹುದು.

ಪ್ರಣಯದ ದೃಶ್ಯಗಳ ಬಗ್ಗೆ ಹೇಳುವುದಾದರೆ, ಅವುಗಳಿಗೆ ಹೋಗುವ ದಾರಿಯೇ ನನ್ನ ಮನಸ್ಸಿನಲ್ಲಿ ಉಳಿದಿದೆ. ಕಾವಲುಗಾರನ ಗುಡಿಸಲಿನ ಮುಂದೆ ಕಾನಿ, ಆಗಷ್ಟೇ ಮೊಟ್ಟೆಯೊಡೆದು ಬಂದ ಕಾಡುಕೋಳಿಯ ಮರಿಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾ ಇದ್ದಕ್ಕಿದ್ದಂತೆ ಅಳುತ್ತಾಳೆ. ಅವಳ ಕಣ್ಣೀರಿನ ಹನಿ ಮಣಿಕಟ್ಟಿನ ಮೇಲೆ ಬೀಳುವುದನ್ನು ಅವನು ನೋಡುತ್ತಾನೆ. ಈ ಪುಸ್ತಕಕ್ಕೆ ಲಾರೆನ್ಸ್ ಒಂದು ಹಂತದಲ್ಲಿ ‘ಟೆಂಡರ್‌ನೆಸ್’ ಎಂಬ ಹೆಸರಿಡಲು ಯೋಚಿಸಿದ್ದ. ಮಾರ್ದವ ಎನ್ನುವ ನಮ್ಮ ಹಳೆಯ ಮಾತು ಅದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಪುಸ್ತಕದ ಹೊರಗೂ ಇದೇ ವರ್ಗದ ಪ್ರಶ್ನೆ ಅದನ್ನು ಹಿಂಬಾಲಿಸಿತು. ಮೊದಲು ಅದು ಫ್ಲಾರೆನ್ಸಿನಲ್ಲಿ 1,000 ಪ್ರತಿಗಳಲ್ಲಿ ಖಾಸಗಿಯಾಗಿ ಅಚ್ಚಾಯಿತು, ಬೆಲೆ 2 ಪೌಂಡ್. ಮೆಲರ್ಸನ ಒಂದು ವಾರದ ಸಂಬಳ! ಪೆಂಗ್ವಿನ್ ಪ್ರಕಾಶನ ಸಂಸ್ಥೆ 1960ರಲ್ಲಿ ಪೂರ್ಣ ಪಠ್ಯವನ್ನು ಮೂರೂವರೆ ಶಿಲಿಂಗಿಗೆ ಮಾರಲು ಹೊರಟಾಗ ಲಂಡನ್ನಿನಲ್ಲಿ ಅಶ್ಲೀಲತೆಯ ಮೊಕದ್ದಮೆಯಾಯಿತು. ನಿಮ್ಮ ಹೆಂಡತಿ ಅಥವಾ ನಿಮ್ಮ ಆಳುಗಳು ಓದಲೆಂದು ನೀವು ಬಯಸುವ ಪುಸ್ತಕವೇ ಇದು ಎಂದು ಸರ್ಕಾರದ ಪರ ವಕೀಲ ಜ್ಯೂರಿಯನ್ನು ಕೇಳಿದ. ಯಜಮಾನನ ಹೆಂಡತಿಯನ್ನೂ ಯಜಮಾನನ ಆಳನ್ನೂ ಕುರಿತ ಕಾದಂಬರಿಯ ಬಗ್ಗೆ ಬಂದ ಪ್ರಶ್ನೆಯಿದು. ಜ್ಯೂರಿ ಪೆಂಗ್ವಿನ್‌ನ ಪರವಾಗಿ ತೀರ್ಪು ಕೊಟ್ಟಿತು. ನಮ್ಮಲ್ಲಿ ಹಾಗಾಗಲಿಲ್ಲ: ಈ ಪುಸ್ತಕ ಮಾರಿದ ಮುಂಬಯಿಯ ವ್ಯಾಪಾರಿಗಳಿಗೆ ಭಾರತೀಯ ದಂಡಸಂಹಿತೆಯ ಅಶ್ಲೀಲತೆಗೆ ಸಂಬಂಧಿಸಿದ 292ನೆಯ ಕಲಮಿನಡಿ ತಲಾ 20 ರೂಪಾಯಿ ದಂಡ ಬಿತ್ತು. ಲೇಖಕ ಮುಲ್ಕ್ ರಾಜ್ ಆನಂದ್ ಅವರು ಪುಸ್ತಕದ ಪರವಾಗಿ ಸಾಕ್ಷಿ ನುಡಿದಿದ್ದರೂ, 1964ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ಎತ್ತಿಹಿಡಿಯಿತು. ಇಂದು ಇದು ನಮ್ಮ ಪುಸ್ತಕದಂಗಡಿಗಳಲ್ಲಿ ಎಲ್ಲರಿಗೂ ಕಾಣುವಂತೆಯೇ ಇರುತ್ತದೆ.

ಕೊಳ್ಳುವವರಿಗೆ ಒಂದು ಕಿವಿಮಾತು. ಲಾರೆನ್ಸ್ ತೀರಿಕೊಂಡ ಎರಡು ವರ್ಷಕ್ಕೆ, 1932ರಲ್ಲಿ, ಆಕ್ಷೇಪಾರ್ಹವೆನಿಸಿದ್ದನ್ನೆಲ್ಲ ಕತ್ತರಿಸಿದ ಆವೃತ್ತಿಯೊಂದು ಬಂತು. ಕಾಲೇಜಿನ ದಿನಗಳಲ್ಲಿ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ನಾನು ಕೊಂಡದ್ದೂ ಒಂದು ಕತ್ತರಿಸಿದ ಪ್ರತಿಯೇ; ಸಂಕ್ಷಿಪ್ತವೆಂಬ ಸೂಚನೆ ರಟ್ಟಿನ ಮೇಲೂ ಇರಲಿಲ್ಲ, ಒಳಗೂ ಇರಲಿಲ್ಲ, ಮಾರಿದವರೂ ಹೇಳಲಿಲ್ಲ. ಅದನ್ನು ಓದಿ, ಇಷ್ಟಕ್ಕೆ ಇಷ್ಟು ಗದ್ದಲವೇ ಎಂದುಕೊಂಡು ವರ್ಷಗಟ್ಟಲೆ ಈ ಕಾದಂಬರಿಯನ್ನು ಕಡೆಗಣಿಸಿದ್ದು ನನಗೆ ಇಂದಿಗೂ ಬೇಸರದ ಸಂಗತಿ. ಪೂರ್ಣ ಪಠ್ಯವೆಂದು ಸ್ಪಷ್ಟವಾಗಿ ನಮೂದಿಸಿದ, ಸಾಧ್ಯವಾದರೆ ಊರಮಾತಿಗೆ ಟಿಪ್ಪಣಿಗಳಿರುವ ಪ್ರತಿಯನ್ನೇ ಕೊಳ್ಳಿ. ನನ್ನ ಹಳೆಯ ಪ್ರತಿಯನ್ನೂ ಹೊಸದನ್ನೂ ಈ ಸಲ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಗುಡಿಸಲಿನ ಅಧ್ಯಾಯಗಳಲ್ಲಿ ಕತ್ತರಿ ಬಿದ್ದ ಕಡೆಯಲ್ಲೆಲ್ಲ ದೇಹದ ವರ್ಣನೆಯ ಜೊತೆಗೆ ಅವರಿಬ್ಬರ ಮಾತುಕತೆಯೂ ಹೋಗಿತ್ತು: ಕಾನಿ ಅವನ ಊರಮಾತನ್ನು ಅನುಕರಿಸಲು ಹೋಗಿ ತಡವರಿಸುವುದು, ಅವನು ನಗುವುದು, ಆ ‘ನೀನು’ಗಳು.