ಪ್ಯಾಂಟ್ರಿ ಊಟ: ಕೊನೆಯ ಬೋಗಿಗೆ ಮೊಸರು ಮುಟ್ಟುವುದಿಲ್ಲ

ಅವ್ವನಿಗೆ ಶುಗರ್ ಇದೆ, ಮಧ್ಯಾಹ್ನ ಒಂದಕ್ಕೆ ಊಟ ಆಗಲೇಬೇಕು. ಹಾಗಾಗಿ ರೈಲಿನ ಊಟದಲ್ಲಿ ನಾನು ಮೊದಲು ನೋಡುವುದು ಹೊತ್ತು, ರುಚಿ ಆಮೇಲೆ.

ತಂಗಿ ದಿಲ್ಲಿಯಲ್ಲಿದ್ದಾಳೆ. ಕೊರೊನಾದಿಂದ ರೈಲುಗಳಲ್ಲಿ ನಿಂತಿದ್ದ ಬಿಸಿ ಊಟ 2022ರ ಫೆಬ್ರುವರಿಯಲ್ಲಿ ಪೂರ್ತಿ ಶುರುವಾಯಿತಲ್ಲ, ಅಲ್ಲಿಂದ ವರ್ಷಕ್ಕೆ ಮೂರು ಸಲವಾದರೂ ಹುಬ್ಬಳ್ಳಿಯಲ್ಲಿ ಹತ್ತಿ ಪ್ಯಾಂಟ್ರಿಯನ್ನೇ, ಅಂದರೆ ರೈಲಿನ ಅಡುಗೆ ಬೋಗಿಯನ್ನೇ, ನಂಬಿ ಹೋಗಿಬರುತ್ತಿದ್ದೇವೆ.

ರೈಲಿನೊಳಗೆ ಸಸ್ಯಾಹಾರಿ ಊಟಕ್ಕೆ 80 ರೂಪಾಯಿ. ಏನೇನಿರಬೇಕು ಎಂದು ರೈಲ್ವೆ ತೂಕದ ಸಮೇತ ಹೇಳಿದೆ: ಅನ್ನ 150 ಗ್ರಾಂ, ಗಟ್ಟಿ ಬೇಳೆ ಇಲ್ಲವೇ ಸಾಂಬಾರ್ 150, ಪಲ್ಯ 100, ನಾಲ್ಕು ಚಪಾತಿ ಇಲ್ಲವೇ ಎರಡು ಪರೋಟ, ಮೊಸರು 80, ಉಪ್ಪಿನಕಾಯಿ 12. ಅನ್ನ, ಬೇಳೆ ಚೆನ್ನಾಗಿಯೇ ಇರುತ್ತವೆ. ಒಮ್ಮೆಯೂ ಹೊಟ್ಟೆ ಕೆಟ್ಟಿಲ್ಲ.

ತಪ್ಪುವುದು ಲೆಕ್ಕ. ಬೆಳಿಗ್ಗೆ ಹತ್ತರ ಸುಮಾರಿಗೆ ಹುಡುಗ ಬಂದು ಬೋಗಿ, ಸೀಟು ಬರೆದುಕೊಂಡು ಹೋಗುತ್ತಾನೆ. ಎಷ್ಟು ತಟ್ಟೆ ಬೇಕು ಎಂಬುದು ಆಗಲೇ ಗೊತ್ತಾಗಿರುತ್ತದೆ. ಆದರೆ ಊಟ ಹೊತ್ತು ಹೊರಟವರು ಹಾದಿಯಲ್ಲಿ ಕೈ ಚಾಚಿದವರಿಗೆಲ್ಲ ಕೊಡುತ್ತ ಬರುತ್ತಾರೆ. ಒಮ್ಮೆ ನಮ್ಮದು ತುದಿಯ ಸ್ಲೀಪರ್ ಬೋಗಿ. ಎರಡೂವರೆಗೆ ತಟ್ಟೆ ಬಂತು, ಮೊಸರಿಲ್ಲ, ಚಪಾತಿ ಎರಡೇ. "ಮೊಸರು ತೀರಿತು" ಎಂದ. ಅವ್ವನ ಕೈ ಅಷ್ಟೊತ್ತಿಗೆ ನಡುಗುತ್ತಿತ್ತು, ಚೀಲದಲ್ಲಿದ್ದ ಬಿಸ್ಕಿಟ್ ಕೊಟ್ಟು ಕೂರಿಸಿದ್ದೆ. ಅನ್ನ ತೀರಿದರೆ ಇನ್ನೊಂದು ಹಂಡೆ ಇಡಬಹುದು. ಮೊಸರಿನ ಕಪ್ ಓಡುವ ರೈಲಿನಲ್ಲಿ ಹುಟ್ಟುವುದಿಲ್ಲ, ಮುಂದಿನ ದೊಡ್ಡ ನಿಲ್ದಾಣ ಬರಬೇಕು. ಬರೆಸಿದವರ ಪಾಲನ್ನು ಬೋಗಿವಾರು ಬೇರೆ ಕ್ರೇಟಿನಲ್ಲಿ ಎತ್ತಿಟ್ಟು, ಮಿಕ್ಕಿದ್ದನ್ನು ಮಾರಿದರೆ ಈ ಗೋಳೇ ಇರುವುದಿಲ್ಲ.

ಆಮೇಲೆ ಪ್ಯಾಂಟ್ರಿಗೆ ಹತ್ತಿರದ ಬೋಗಿಯಲ್ಲೇ ಸೀಟು ಹಿಡಿಯತೊಡಗಿದೆ. ಅಲ್ಲಿ ಮೂರು ಪ್ರಯಾಣದಲ್ಲೂ ಒಂದಕ್ಕೆ ಮುಂಚೆ ಊಟ ಬಂತು, ಮೊಸರು ಸಮೇತ. ವಯಸ್ಸಾದವರನ್ನು ಕರೆದೊಯ್ಯುವವರು ಟಿಕೆಟ್ ತೆಗೆಸುವಾಗಲೇ ಇದನ್ನು ನೋಡಿಕೊಳ್ಳಿ.

ದುಡ್ಡಿನ ಮಾತು. ಒಬ್ಬ 120 ಕೇಳಿದ್ದ. ನಾನು ಬಿಲ್ ಕೊಡು ಎಂದ ಮೇಲೆ 80ಕ್ಕೆ ಇಳಿದ. ಬಿಲ್ ಕೊಡದಿದ್ದರೆ ಹಣ ಕೊಡಬೇಕಿಲ್ಲ ಎಂಬ ನಿಯಮವೇ ಇದೆ, ದೂರಿಗೆ ರೈಲ್ವೆ ಸಹಾಯವಾಣಿ 139.

ಅವ್ವ ಈಗಲೂ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಕೊಂಡೇ ಹೊರಡುತ್ತಾಳೆ. "ಮೊಸರೊಂದು ಬಂದ್ರ ಸಾಕವ್ವಾ, ಉಳಿದದ್ದು ನನ್ನ ಗಂಟಿನ್ಯಾಗ ಐತಿ" ಅನ್ನುತ್ತಾಳೆ. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ತುದಿಯ ಬೋಗಿಗೂ ಮೊಸರು ಮುಟ್ಟಿದ ದಿನ ಇನ್ನೊಂದು ಸೇರಿಸುತ್ತೇನೆ.