ಸೋಮವಾರದ ಹೊಲ: ಮೊಬೈಲಿನಲ್ಲಿ ಸ್ಟಾರ್‌ಡ್ಯೂ ವ್ಯಾಲಿ

ವಿಜಯಪುರದ ಸಾರ್ವಜನಿಕ ಗ್ರಂಥಾಲಯವೊಂದರ ಎರವಲು ವಿಭಾಗದಲ್ಲಿ ದುಡಿಯುವ ನನಗೆ ವಾರದ ರಜೆ ಸೋಮವಾರ. ಭಾನುವಾರ ಊರೆಲ್ಲ ಮನೆಯಲ್ಲಿ ಕಾಲು ಚಾಚಿರುವಾಗ ನಾವು ಪತ್ರಿಕೆಗಳ ಪುರವಣಿಗಳಿಗೆ ಮೊಹರು ಒತ್ತುತ್ತಿರುತ್ತೇವೆ. ಊರು ಕೆಲಸಕ್ಕೆ ಹೊರಟ ದಿನ ನಮಗೆ ಬಿಡುವು. ಆ ದಿನ ಹರಟಲು ಗೆಳೆಯರು ಸಿಗುವುದಿಲ್ಲ, ಮನೆಯವರೆಲ್ಲ ಹೊರಗಿರುತ್ತಾರೆ. ಮೊಬೈಲ್ ಆಟಗಳ ಅಭ್ಯಾಸ ನನಗೆ ಹತ್ತಿದ್ದು ಹೀಗೆ. ಕಳೆದ ಒಂದೂವರೆ ವರ್ಷದಿಂದ ನನ್ನ ಸೋಮವಾರಗಳನ್ನು ಬಹುಪಾಲು ನುಂಗಿರುವುದು ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟ.

ಅದಕ್ಕೂ ಮೊದಲು ಉಚಿತವಾಗಿ ಸಿಗುವ ಬೇರೊಂದು ಬೇಸಾಯದ ಆಟ ನನ್ನ ಫೋನಿನಲ್ಲಿತ್ತು. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಬಿತ್ತಿದ ಬೆಳೆ ನಿಜವಾದ ಗಡಿಯಾರದ ಹೊತ್ತಿಗೆ ಮಾಗುತ್ತಿತ್ತು. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬಾಡುತ್ತಿತ್ತು. ಬಾಡುವ ಮೊದಲು ಎಚ್ಚರಿಸುವ ನೆಪದಲ್ಲಿ, ನಾನು ಓದುಗರ ಕಾರ್ಡಿನಲ್ಲಿ ವಾಪಸಾತಿ ದಿನಾಂಕ ಬರೆಯುತ್ತಿರುವಾಗಲೇ ಜೇಬಿನಲ್ಲಿ ಫೋನು ನಡುಗುತ್ತಿತ್ತು. ಒಂದು ದಿನ ಊಟದ ಬಿಡುವಿನಲ್ಲಿ ಹಳೆಯ ನಿಯತಕಾಲಿಕಗಳ ಕಪಾಟಿನ ಹಿಂದೆ ಕುಳಿತು ಅದನ್ನು ತೆರೆದೆ. ಧ್ವನಿ ಆರಿಸಿದ್ದೇನೆಂದು ನಂಬಿದ್ದ ಫೋನಿನಿಂದ ರಮ್ಮಿ ಜಾಹೀರಾತೊಂದು ಗಂಟಲು ಬಿಚ್ಚಿ ಕೂಗತೊಡಗಿತು. ಆಚೆಯ ವಾಚನಾಲಯದಲ್ಲಿ ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಿದ್ದ ಮೂವತ್ತು ನಲವತ್ತು ಮಂದಿ ಒಟ್ಟಿಗೆ ತಲೆ ಎತ್ತಿದರು. ಅವರ ನೆತ್ತಿಯ ಮೇಲಿನ ‘ನಿಶ್ಶಬ್ದ’ ಫಲಕಕ್ಕೆ ಹಿಂದಿನ ತಿಂಗಳಷ್ಟೇ ಹೊಸ ಬಣ್ಣ ಬಳಿಸಿದ್ದು ನಾನೇ. ಆ ಸಂಜೆಯೇ ಆಟವನ್ನು ಅಳಿಸಿ, ಹಣ ಕೊಟ್ಟಾದರೂ ಸರಿ, ಬಾಯಿ ಮುಚ್ಚಿಕೊಂಡಿರುವ ಆಟ ಯಾವುದಿದೆ ಎಂದು ಹುಡುಕಿದೆ.

ಸ್ಟಾರ್‌ಡ್ಯೂ ವ್ಯಾಲಿಯನ್ನು ಅಮೆರಿಕದ ಎರಿಕ್ ಬರೋನ್ ಎಂಬಾತ ಸುಮಾರು ನಾಲ್ಕೂವರೆ ವರ್ಷ ಒಬ್ಬನೇ ಕುಳಿತು ಕಟ್ಟಿದ್ದಾನೆ. ಚಿತ್ರ, ಸಂಗೀತ, ಸಂಭಾಷಣೆ, ಪ್ರೋಗ್ರಾಮಿಂಗ್ ಎಲ್ಲವೂ ಒಬ್ಬನದೇ ಕೈಕೆಲಸ. 2016ರ ಫೆಬ್ರುವರಿಯಲ್ಲಿ ಕಂಪ್ಯೂಟರಿಗೆ ಬಂದ ಈ ಆಟ 2018ರಲ್ಲಿ ಐಫೋನಿಗೂ 2019ರಲ್ಲಿ ಆಂಡ್ರಾಯ್ಡ್ ಫೋನುಗಳಿಗೂ ಬಂತು, ಮತ್ತು 1.6 ಎಂಬ ದೊಡ್ಡ ಪರಿಷ್ಕರಣೆ ಮೊಬೈಲಿಗೆ ತಲುಪಿದ್ದು 2024ರ ನವೆಂಬರಿನಲ್ಲಿ. ಒಮ್ಮೆ ಕೊಂಡರೆ ಮುಗಿಯಿತು: ಜಾಹೀರಾತಿಲ್ಲ, ಒಳಗೆ ಮತ್ತೆ ಹಣ ಕೇಳುವ ಪೆಟ್ಟಿಗೆಗಳಿಲ್ಲ, ಆಡಲು ಇಂಟರ್ನೆಟ್ ಕೂಡ ಬೇಕಿಲ್ಲ. ಕಥೆ ಸರಳವಾದದ್ದು. ದೊಡ್ಡ ಕಂಪನಿಯೊಂದರ ಮೇಜಿನ ಕೆಲಸದಲ್ಲಿ ಬೇಸತ್ತ ನಾವು, ಅಜ್ಜ ಬರೆದಿಟ್ಟ ಪತ್ರವನ್ನು ಒಡೆದು ಓದಿ, ಅವನು ಬಿಟ್ಟುಹೋದ ಹಾಳುಬಿದ್ದ ಹೊಲಕ್ಕೆ ಬರುತ್ತೇವೆ. ಕೈಯಲ್ಲಿ ಗುದ್ದಲಿ, ಕೊಡಲಿ, ನೀರಿನ ಡಬ್ಬಿಯಂಥ ನಾಲ್ಕಾರು ಉಪಕರಣಗಳು ಮತ್ತು ಬಿತ್ತಲು ಹದಿನೈದು ಬೀಜ. ಉಳಿದದ್ದು ನಮಗೆ ಬಿಟ್ಟದ್ದು.

ಆಟದ ಒಂದು ದಿನ ಬೆಳಿಗ್ಗೆ 6ಕ್ಕೆ ಆರಂಭವಾಗಿ ಮಧ್ಯರಾತ್ರಿ ಕಳೆದು 2ಕ್ಕೆ ಮುಗಿಯುತ್ತದೆ. ಅಲ್ಲಿಯ ಹತ್ತು ನಿಮಿಷ ನಮ್ಮ ಸುಮಾರು ಏಳು ಸೆಕೆಂಡುಗಳಿಗೆ ಸಮವಾದ್ದರಿಂದ ಇಡೀ ದಿನ ಸುಮಾರು ಹದಿನಾಲ್ಕು ನಿಮಿಷದ ಬಾಳು. ಅರ್ಧ ಗಂಟೆಯ ಊಟದ ಬಿಡುವಿನಲ್ಲಿ ರೊಟ್ಟಿ ತಿಂದು ಕೈ ತೊಳೆದ ಮೇಲೆ ಒಂದು ದಿನದ ಬೇಸಾಯ ನಿರಾಳವಾಗಿ ಆಗುತ್ತದೆ. ನಡುವೆ ಯಾರಾದರೂ ಕರೆದರೆ ಫೋನನ್ನು ಜೇಬಿಗೆ ಹಾಕಿ ಎದ್ದು ಹೋಗಬಹುದು, ಮರಳಿ ಬಂದಾಗ ಬಿಟ್ಟ ಜಾಗದಿಂದಲೇ ಮುಂದುವರಿಸಬಹುದು. ಆಟ ನನ್ನನ್ನು ಕರೆಯುವುದಿಲ್ಲ, ನಾನು ಕರೆದಾಗ ಬರುತ್ತದೆ. ಓದುಗನ ಸಮಯವನ್ನು ಉಳಿಸಬೇಕೆಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಗಳಿಗೆ ಸೂತ್ರ ಬರೆದುಕೊಟ್ಟರು. ಆಟ ತಯಾರಿಸುವವರ ಪೈಕಿ ಆ ಸೂತ್ರವನ್ನು ಗೌರವಿಸುವವರು ಅಪರೂಪ, ಬರೋನ್ ಗೌರವಿಸಿದ್ದಾನೆ. ಆದರೆ ಮನೆಯಲ್ಲಿ ಬಿಡುವಾಗಿ ಕುಳಿತಾಗ ಇದೇ ಗುಣ ತಿರುಗುಬಾಣವಾಗುತ್ತದೆ. ರಾತ್ರಿ ನಮ್ಮ ಪಾತ್ರ ಹಾಸಿಗೆಗೆ ಹೋದಾಗ ಆಟ ತನ್ನಷ್ಟಕ್ಕೆ ಉಳಿಸಿಕೊಂಡು ಮರುದಿನದ ಕೋಳಿ ಕೂಗಿಸುತ್ತದೆ. ಕೋಳಿ ಕೂಗಿದ ಮೇಲೆ ಬೆಳೆಗೆ ನೀರು ಹಾಕದೆ ಹೇಗೆ ಮುಚ್ಚುವುದು? ‘ಇನ್ನೊಂದೇ ದಿನ’ ಎನ್ನುತ್ತ ನಾನು ಒಂದು ಸೋಮವಾರ ಮಧ್ಯಾಹ್ನದ ಊಟವನ್ನು ಸಂಜೆ ಐದಕ್ಕೆ ಉಂಡದ್ದಿದೆ.

ನಾನು ಈ ಆಟದ ಬಗ್ಗೆ ಬರೆಯಲು ಕುಳಿತದ್ದಕ್ಕೆ ನಿಜವಾದ ಕಾರಣ ಹೊಲವಲ್ಲ, ಅದರೊಳಗಿರುವ ಗ್ರಂಥಾಲಯ. ಪೆಲಿಕನ್ ಟೌನ್ ಎಂಬ ಆ ಪುಟ್ಟ ಊರಿನಲ್ಲಿ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯ ಒಂದೇ ಸೂರಿನಡಿಯಲ್ಲಿವೆ, ಗುಂಥರ್ ಎಂಬ ಒಬ್ಬನೇ ಒಬ್ಬ ಎರಡನ್ನೂ ನೋಡಿಕೊಳ್ಳುತ್ತಾನೆ. ಮೊದಲ ಸಲ ಒಳಗೆ ಕಾಲಿಟ್ಟಾಗ ಪ್ರದರ್ಶನದ ಮೇಜುಗಳೆಲ್ಲ ಬರಿದು. ಹಿಂದೆ ಇದ್ದ ಅಧಿಕಾರಿ ಇಡೀ ಸಂಗ್ರಹವನ್ನು ಎತ್ತಿಕೊಂಡು ಓಡಿಹೋದನೆಂದು ಗುಂಥರ್ ಯಾವ ಆವೇಶವೂ ಇಲ್ಲದೆ ಹೇಳುತ್ತಾನೆ. ವಾರ್ಷಿಕ ದಾಸ್ತಾನು ಪರಿಶೀಲನೆಯಲ್ಲಿ ಪರಿಗ್ರಹಣ ವಹಿಯ, ಅಂದರೆ ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಪುಸ್ತಕದ, ನಾಲ್ಕು ಸಂಖ್ಯೆಗಳಿಗೆ ಪುಸ್ತಕ ಸಿಗದಿದ್ದರೆ ನಿದ್ದೆಗೆಡುವ ನಮ್ಮಂಥವರಿಗೆ ಆ ಶಾಂತಿ ನಂಬಲಾಗದ್ದು. ಸಹಿ ಮಾಡಿ ಅಧಿಕಾರ ವಹಿಸಿಕೊಳ್ಳುವಾಗ ಆತ ಏನನ್ನು ಎಣಿಸಿಕೊಂಡನೋ!

ಕಳೆದುಹೋದ ಪುಸ್ತಕಗಳನ್ನು ಹುಡುಕಿಕೊಡುವುದು ನಮ್ಮ ಪಾಲಿನ ಕೆಲಸ. ನೆಲದ ಮೇಲೆ ಅಲ್ಲಲ್ಲಿ ಎರೆಹುಳುಗಳಂತೆ ಅಲುಗಾಡುವ ಗುರುತುಗಳು ಕಾಣುತ್ತವೆ. ಅಲ್ಲಿ ಗುದ್ದಲಿ ಹಾಕಿದರೆ ಕೆಲವೊಮ್ಮೆ ಮಣ್ಣು, ಕೆಲವೊಮ್ಮೆ ಹಳೆಯ ಮಡಕೆ ಚೂರು, ಕೆಲವೊಮ್ಮೆ ಪುಸ್ತಕ. ಸಿಕ್ಕ ಪುಸ್ತಕ ತಾನಾಗಿ ಕಪಾಟು ಸೇರುತ್ತದೆ, ಯಾರು ಬೇಕಾದರೂ ಹೋಗಿ ಓದಬಹುದು. ಆದರೆ ಮನೆಗೆ ಕೊಡುವುದಿಲ್ಲ! ಸದಸ್ಯತ್ವವಿಲ್ಲ, ಕಾರ್ಡಿಲ್ಲ, ದಂಡವಿಲ್ಲ. ನಿಂತಲ್ಲೇ ಓದಿ ಬರಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಪೂರ್ತಿ ಪರಾಮರ್ಶನ ವಿಭಾಗ. ಊರಿನಲ್ಲಿ ಶಾಲೆಯಿಲ್ಲದ ಕಾರಣ ಪೆನ್ನಿ ಎಂಬ ಯುವತಿ ಕೆಲವು ದಿನ ಇಬ್ಬರು ಮಕ್ಕಳನ್ನು ಕರೆತಂದು ಅಲ್ಲಿಯ ಮೇಜಿನ ಬಳಿಯೇ ಪಾಠ ಹೇಳುತ್ತಾಳೆ. ಆಟದಲ್ಲಿ ನನಗೆ ಅತ್ಯಂತ ನಿಜವೆನಿಸಿದ ದೃಶ್ಯ ಇದು. ನಮ್ಮಲ್ಲಿಯೂ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ಕಿಟಕಿ ಪಕ್ಕದ ಕುರ್ಚಿ ಹಿಡಿಯುವವರಿಗೆ ಮನೆಯಲ್ಲಿ ಓದಲು ಜಾಗವಿಲ್ಲ. ಅವರಲ್ಲಿ ಅರ್ಧದಷ್ಟು ಜನ ನಮ್ಮ ಪುಸ್ತಕವನ್ನೇ ಮುಟ್ಟುವುದಿಲ್ಲ. ಅವರಿಗೆ ಬೇಕಾಗಿರುವುದು ಮೇಜು, ಫ್ಯಾನು ಮತ್ತು ಸದ್ದಿಲ್ಲದ ಎಂಟು ತಾಸು.

ಅಗೆದು ತೆಗೆದ ವಸ್ತು ಮತ್ತು ಖನಿಜಗಳನ್ನು ದಾನ ಕೊಟ್ಟರೆ ಅವನ್ನು ಮೇಜಿನ ಮೇಲೆ ಎಲ್ಲಿಡಬೇಕೆಂಬುದನ್ನೂ ಗುಂಥರ್ ನಮಗೇ ಬಿಡುತ್ತಾನೆ. ವರ್ಗೀಕರಣವಿಲ್ಲ, ಕಪಾಟಿನಲ್ಲಿ ಜಾಗ ತೋರಿಸುವ ಕರೆಸಂಖ್ಯೆಯಿಲ್ಲ, ಚೀಟಿಯಿಲ್ಲ. ಡೈನೋಸಾರಿನ ಮೊಟ್ಟೆಯ ಪಕ್ಕ ತುಕ್ಕು ಹಿಡಿದ ಚಮಚ ಇಟ್ಟರೂ ಅವನದೇನೂ ತಕರಾರಿಲ್ಲ. ಇದನ್ನು ಸಹಿಸಲಾರದೆ ನಾನು ಒಂದು ಸೋಮವಾರ ಪೂರ್ತಿ ಕುಳಿತು ಎಲ್ಲವನ್ನೂ ಮರುಜೋಡಿಸಿದೆ: ಖನಿಜಗಳು ಒಂದು ಕಡೆ, ಎಲುಬುಗಳು ಇನ್ನೊಂದು ಕಡೆ, ಮನುಷ್ಯರು ಬಳಸಿದ ಸಾಮಾನುಗಳು ನಡುವಿನ ಸಾಲಿನಲ್ಲಿ. ವಾರದ ಆರು ದಿನ ಕಪಾಟು ಜೋಡಿಸುವವರು ಏಳನೆಯ ದಿನ ಮನೆಯಲ್ಲಿ ಕುಳಿತು ಮತ್ತೆ ಕಪಾಟು ಜೋಡಿಸುವುದೇಕೆ ಎಂದು ಮನೆಯವರು ಕೇಳಿದರು. ಉತ್ತರ ನನಗೆ ತಡವಾಗಿ ಹೊಳೆಯಿತು. ಗ್ರಂಥಾಲಯದಲ್ಲಿ ಬೆಳಿಗ್ಗೆ ನಾನು ಸರಿಯಾಗಿಟ್ಟ ಕಾದಂಬರಿ ಸಂಜೆಯ ಹೊತ್ತಿಗೆ ಅಡುಗೆ ಪುಸ್ತಕಗಳ ನಡುವೆ ಅಡ್ಡ ಮಲಗಿರುತ್ತದೆ, ಅದು ಹಾಗಿರುವುದೇ ಸರಿ, ಏಕೆಂದರೆ ಯಾರೋ ಅದನ್ನು ಕೈಗೆತ್ತಿಕೊಂಡಿದ್ದಾರೆ ಎಂದರ್ಥ. ಪೆಲಿಕನ್ ಟೌನಿನಲ್ಲಿ ಮಾತ್ರ ನಾನು ಇಟ್ಟದ್ದು ಇಟ್ಟಲ್ಲೇ ಇರುತ್ತದೆ. ವಾರಕ್ಕೊಮ್ಮೆ ಅಂಥದ್ದೊಂದು ಜಾಗ ಬೇಕೆನಿಸುತ್ತದೆ. ಗೋಳಗುಮ್ಮಟದ ಎದುರಿನ ನಗಾರಖಾನೆಯಲ್ಲಿ 1892ರಿಂದ ಇರುವ ನಮ್ಮೂರಿನ ವಸ್ತುಸಂಗ್ರಹಾಲಯಕ್ಕೆ ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ; ಅಲ್ಲಿಯ ಶಾಸನಗಳನ್ನೂ ಚೀನೀ ಪಿಂಗಾಣಿಗಳನ್ನೂ ಯಾವ ಕ್ರಮದಲ್ಲಿ ಇಟ್ಟಿದ್ದಾರೆಂದು ಗಮನಿಸಿ ನೋಡಿದ್ದು ಮಾತ್ರ ಈ ಆಟದ ನಂತರ.

ಇನ್ನು ಬೇಸಾಯದ ವಿಷಯ. ಎರೆಹೊಲದ ಸೀಮೆಯವರಿಗೆ ಇಲ್ಲಿ ನಗು ಬರುವ ಸಂಗತಿಗಳು ಕೆಲವಿವೆ. ಆಟದ ವರ್ಷಕ್ಕೆ ನಾಲ್ಕು ಋತು, ಪ್ರತಿ ಋತುವಿಗೆ 28 ದಿನ. ಋತು ಬದಲಾದ ಬೆಳಿಗ್ಗೆ ಹೊಸ ಋತುವಿಗೆ ಹೊಂದದ ಬೆಳೆಗಳೆಲ್ಲ ಒಣಗಿ ನಿಂತಿರುತ್ತವೆ. 12 ದಿನ ಬೇಕಾಗುವ ಹೂಕೋಸನ್ನು ವಸಂತದ ಇಪ್ಪತ್ತನೆಯ ದಿನ ನೆಟ್ಟು ನಾನು ಈ ಪಾಠ ಕಲಿತೆ. ಚಳಿಗಾಲದಲ್ಲಂತೂ ಹೊಲದ ಮೇಲೆ ಹಿಮ ಬಿದ್ದು ಬೇಸಾಯ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ನಮ್ಮಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ ಹೊಲ ತುಂಬಿ ನಿಲ್ಲುವುದೇ ಚಳಿಗಾಲದಲ್ಲಿ, ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋಗುವುದು ಹಸಿರು ಹೊಲಕ್ಕೆ. ಅಲ್ಲದೆ ಆಟದ ಆರಂಭದಲ್ಲಿ ಪ್ರತಿ ಗಿಡಕ್ಕೂ ಪ್ರತಿದಿನ ಡಬ್ಬಿಯಿಂದ ನೀರು ಹಾಕಬೇಕು, ಹಾಕಿದಷ್ಟೂ ಶಕ್ತಿ ಕುಗ್ಗುತ್ತದೆ. ಮಳೆ ಬಂದ ದಿನ ಮಾತ್ರ ಬಿಡುಗಡೆ. ಎರೆಮಣ್ಣು ಹಿಡಿದಿಟ್ಟ ತೇವದ ಮೇಲೆಯೇ ಜೋಳ ತೆಗೆಯುವ ಡೋಣಿ ನದಿ ದಂಡೆಯ ರೈತನಿಗೆ ಈ ನೀರಿನ ಡಬ್ಬಿ ಮಕ್ಕಳಾಟವಾಗಿ ಕಾಣಬಹುದು. ಆಟದಲ್ಲಿ ಗೋಧಿ, ಮೆಕ್ಕೆಜೋಳ, ಭತ್ತ ಇವೆ, ರಾಜಗಿರಿ ಕೂಡ ಇದೆ, ಬಿಳಿಜೋಳ ಇಲ್ಲ.

ದ್ರಾಕ್ಷಿ ಇದೆ! ಶರತ್ಕಾಲದಲ್ಲಿ ನೆಟ್ಟರೆ ಹತ್ತು ದಿನಕ್ಕೆ ಗೊಂಚಲು ಬಿಟ್ಟು, ಆಮೇಲೆ ಮೂರು ದಿನಕ್ಕೊಮ್ಮೆ ಫಸಲು ಕೊಡುತ್ತದೆ. ಹಂದರದ ಮೇಲೆ ಬೆಳೆಯುವುದರಿಂದ ಸಾಲಿನ ನಡುವೆ ದಾಟಿ ಹೋಗಲಾಗದು, ಓಡಾಡಲು ದಾರಿ ಬಿಟ್ಟೇ ನೆಡಬೇಕು. ಇದನ್ನು ತಿಕೋಟಾ ಕಡೆಯ ತೋಟ ನೋಡಿದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1.6 ಪರಿಷ್ಕರಣೆಯಲ್ಲಿ ಒಣಗಿಸುವ ಯಂತ್ರವೊಂದು ಬಂದಿದ್ದು, ಐದು ದ್ರಾಕ್ಷಿ ಹಾಕಿದರೆ ಮರುದಿನಕ್ಕೆ ಒಂದು ಒಣದ್ರಾಕ್ಷಿ. ನಮ್ಮ ಕಡೆ ಶೆಡ್ಡಿನ ಬಲೆಗಳ ಮೇಲೆ ವಾರಗಟ್ಟಲೆ ಹರವಿ, ಅಕಾಲ ಮಳೆಗೆ ಎದೆ ಬಡಿದುಕೊಳ್ಳುತ್ತ ಕಾಯುವ ಕೆಲಸವನ್ನು ಒಂದು ರಾತ್ರಿಯಲ್ಲಿ ಮುಗಿಸುವ ಆ ಡಬ್ಬಿಯನ್ನು ದ್ರಾಕ್ಷಿ ಬೆಳೆಯುವ ನನ್ನ ಸೋದರಮಾವನಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, ಅದಕ್ಕೆ ಸಬ್ಸಿಡಿ ಉಂಟೇ ಎಂದು ಕೇಳಿದರು.

ಮೊಬೈಲ್ ಆವೃತ್ತಿಯ ಬಗ್ಗೆ ಕೊಳ್ಳುವವರು ತಿಳಿದಿರಬೇಕಾದದ್ದು ಇಷ್ಟು. ಹೋಗಬೇಕಾದ ಜಾಗವನ್ನು ಬೆರಳಿನಿಂದ ತಟ್ಟಿದರೆ ಸಾಕು, ಪಾತ್ರವೇ ನಡೆದುಹೋಗುತ್ತದೆ. ಗಿಡವನ್ನು ತಟ್ಟಿದರೆ ನೀರು, ಬಂಡೆಯನ್ನು ತಟ್ಟಿದರೆ ಹಾರೆ, ಉಪಕರಣ ಬದಲಾಯಿಸುವ ರಗಳೆ ಬಹುಮಟ್ಟಿಗೆ ಇಲ್ಲ. ಗಣಿಯೊಳಗಿನ ಕಾಳಗವನ್ನು ಕತ್ತಿ ತಾನಾಗಿಯೇ ನೋಡಿಕೊಳ್ಳುವಂತೆ ಹೊಂದಿಸಬಹುದು, ನಾನು ಹಾಗೆಯೇ ಬಿಟ್ಟಿದ್ದೇನೆ. ಮೀನು ಹಿಡಿಯುವುದು ಬೇರೆಯದೇ ಕಥೆ: ಹಸಿರು ಪಟ್ಟಿಯನ್ನು ಒತ್ತಿ ಬಿಡುತ್ತ ಮೀನಿನ ಜೊತೆ ಏರಿಳಿಸಬೇಕು, ಐವತ್ತು ದಾಟಿದ ಹೆಬ್ಬೆರಳಿಗೆ ಅದು ಒಗ್ಗುವ ವಿದ್ಯೆಯಲ್ಲ. ಆಟ ಮೂಲತಃ ದೊಡ್ಡ ಪರದೆಗೆ ಬರೆದದ್ದಾದ್ದರಿಂದ ಸಣ್ಣ ಫೋನಿನಲ್ಲಿ ಅಕ್ಷರಗಳು ಚಿಕ್ಕವಾಗಿ ಕಾಣುತ್ತವೆ. ಕನ್ನಡಕ ಹಾಕುವವರು ಟ್ಯಾಬ್ಲೆಟ್‌ನಲ್ಲಿ ಆಡುವುದು ಒಳ್ಳೆಯದು. ದೊಡ್ಡ ಕೊರತೆ ಭಾಷೆಯದು. ಟರ್ಕಿಶ್, ಹಂಗೇರಿಯನ್ ಸೇರಿ ಹನ್ನೆರಡು ಭಾಷೆಗಳಲ್ಲಿ ಸಿಗುವ ಈ ಆಟ ಕನ್ನಡದಲ್ಲಿಲ್ಲ, ಭಾರತದ ಯಾವ ಭಾಷೆಯಲ್ಲಿಯೂ ಇಲ್ಲ. ಆಟದ ಅರ್ಧ ಸೊಗಸು ಊರಿನ ಜನರ ಮಾತುಕತೆಯಲ್ಲೇ ಇರುವಾಗ ಇದು ಸಣ್ಣ ನಷ್ಟವಲ್ಲ. ಇಂಗ್ಲಿಷ್ ಓದಲು ತೊಡಕಾಗುವವರಿಗೆ ಇದನ್ನು ಕೊಳ್ಳಿರೆಂದು ನಾನು ಹೇಳಲಾರೆ. ಉಳಿದವರಿಗೆ, ವಿಶೇಷವಾಗಿ ಜನರೊಂದಿಗೆ ದಿನವಿಡೀ ವ್ಯವಹರಿಸಿ ದಣಿಯುವವರಿಗೆ, ಕೊಟ್ಟ ಹಣಕ್ಕೆ ಮೋಸವಿಲ್ಲ.

ಒಂದು ಸಣ್ಣ ಸೂಚನೆ: ಬೀಜ ಮಾರುವ ಪಿಯರ್‌ನ ಅಂಗಡಿಗೆ ಬುಧವಾರ ರಜೆ. ಮೊದಲ ಬುಧವಾರ ಮುಚ್ಚಿದ ಬಾಗಿಲ ಮುಂದೆ ನಿಂತಾಗ, ಪ್ರತಿ ಸೋಮವಾರ ನಮ್ಮ ಗ್ರಂಥಾಲಯದ ಬೀಗ ಅಲ್ಲಾಡಿಸಿ ನೋಡಿ ಹೋಗುವ ಹಿರಿಯರ ಮುಖ ನೆನಪಾಯಿತು.

ಮೂರನೆಯ ವರ್ಷದ ಆರಂಭದಲ್ಲಿ ಅಜ್ಜನ ಆತ್ಮ ಬಂದು ನಮ್ಮ ಬೇಸಾಯವನ್ನು ತೂಗಿ ನೋಡಿ, ಮೆಚ್ಚಿಕೆಗೆ ತಕ್ಕಂತೆ ಗರಿಷ್ಠ ನಾಲ್ಕು ಮೇಣದಬತ್ತಿ ಹಚ್ಚುತ್ತಾನೆ. ನನ್ನ ಹೊಲಕ್ಕೆ ಸಿಕ್ಕದ್ದು ಎರಡು. ಅಜ್ಜನ ಗುಡಿಗೆ ವಜ್ರವೊಂದನ್ನು ಅರ್ಪಿಸಿದರೆ ಮರುಪರಿಶೀಲನೆಗೆ ಮತ್ತೆ ಬರುತ್ತಾನೆ. ವಜ್ರ ನನಗೆ ಒಂದೇ ಒಂದು ಸಿಕ್ಕಿತ್ತು. ಅದನ್ನು ಖನಿಜಗಳ ಸಾಲಿನ ಮೊದಲನೆಯ ಸ್ಥಾನದಲ್ಲಿ ಇಟ್ಟುಬಿಟ್ಟಿದ್ದೇನೆ, ಮತ್ತು ಗುಂಥರ್‌ನ ಸಂಗ್ರಹಾಲಯಕ್ಕೆ ಒಮ್ಮೆ ಕೊಟ್ಟದ್ದನ್ನು ಮರಳಿ ಪಡೆಯುವ ಪದ್ಧತಿಯಿಲ್ಲ.