ಕಿಸೆಯ ಹೊಸ ಒಡಂಬಡಿಕೆ: ಕಾಸರಗೋಡಿನ ಮಳೆಗೂ ವಿರೋಧಕ್ಕೂ

ಬೈಬಲಿನ ಕೀರ್ತನೆ, ಜ್ಞಾನೋಕ್ತಿ ಪುಸ್ತಕಗಳೂ ಸೇರಿದ ಕಿಸೆ ಗಾತ್ರದ ಕನ್ನಡ ಹೊಸ ಒಡಂಬಡಿಕೆ (ಯೇಸು ಮತ್ತು ಆತನ ಶಿಷ್ಯರ ಕುರಿತ ಬೈಬಲಿನ ಭಾಗ) ಮಂಜೇಶ್ವರ, ಕುಂಬಳೆ ಕಡೆ ಮನೆಭೇಟಿಗೆ ಹೋಗುವವರಿಗೆ ಬಹಳ ಅನುಕೂಲ. ಅಕ್ಷರ ಮಾತ್ರ ಸಣ್ಣದು, ಹಿರಿಯರಿಗೆ ದೊಡ್ಡಕ್ಷರದ್ದನ್ನೇ ಕೊಡಿ.

ಕಾಗದ ತೆಳು. ಮಳೆಗಾಲದಲ್ಲಿ ನೆನೆದ ಹಾಳೆಗಳು ಅಂಟಿಕೊಳ್ಳುತ್ತವೆ, ಎಳೆದರೆ ಹರಿಯುತ್ತವೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿಡಿ. ಒದ್ದೆಯಾದರೆ ಫ್ಯಾನಿನ ಕೆಳಗೆ ನಿಲ್ಲಿಸಿ ಒಣಗಿಸಿ.

ಇದರ ನಿಜವಾದ ಬೆಲೆ ತಿಳಿಯುವುದು ಸ್ವಂತ ಮನೆಯವರೇ ಎದುರು ನಿಂತಾಗ. ಆಗ ಅಪೊಸ್ತಲರ ಕೃತ್ಯಗಳು 4 ಮತ್ತು 5ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಯೇಸುವಿನ ಹೆಸರೆತ್ತಬಾರದೆಂದು ಬೆದರಿಸಿದಾಗ ಶಿಷ್ಯರು ಬೇಡಿಕೊಂಡದ್ದು ಬೆದರಿಸಿದವರ ನಾಶವನ್ನಲ್ಲ, ಮಾತಾಡುವ ಧೈರ್ಯವನ್ನು. ಏಟು ತಿಂದ ಮೇಲೂ ಮನೆಮನೆಯಲ್ಲಿ ಸಾರುವುದನ್ನು ಬಿಡಲಿಲ್ಲ. 1 ಪೇತ್ರ 3:15ಕ್ಕೂ ಗುರುತು ಹಾಕಿಡಿ: ಕೇಳಿದವರಿಗೆ ಉತ್ತರ ಸಿದ್ಧವಿರಬೇಕು, ಅದೂ ಸೌಮ್ಯವಾಗಿ. ಹೆಚ್ಚಿನವರು ಎಡವುವುದು ಆ ಸೌಮ್ಯತೆಯಲ್ಲೇ. ವಾದ ಗೆಲ್ಲಲು ಹೋಗಿ ಬಾಗಿಲು ಮುಚ್ಚಿಸಿಕೊಳ್ಳುತ್ತಾರೆ. ಬೇಡವೆಂದವರ ಕೈಗೆ ಪುಸ್ತಕ ತುರುಕಲೇಬೇಡಿ.

ಹಳೆಯ ಅನುವಾದದ ಭಾಷೆ ಗಂಭೀರ, ಓದಲು ಚೆಂದ. ಆದರೆ ಅಲ್ಲಿ ‘ನಿರೀಕ್ಷೆ’ ಎಂದರೆ ಬರೀ ಕಾಯುವುದಲ್ಲ, ಭರವಸೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಮಲಯಾಳ ಆಡುವ ಮಕ್ಕಳಿಗೆ ಇಂಥ ಪದಗಳನ್ನು ಅವರವರ ಮಾತಿನಲ್ಲೇ ಬಿಡಿಸಿ ಹೇಳಿ.